ಮೊದಲ ಲೆನ್ಸ್ ಕೊಳ್ಳುವ ಮುನ್ನ ಕೋಣೆ ಅಳೆಯಿರಿ

ಮಾನ್ಯ ಸಂಪಾದಕರೇ,

ದಸರೆಯಿಂದ ದೀಪಾವಳಿಯವರೆಗೆ ಪತ್ರಿಕೆಗಳಲ್ಲಿ ಬರುವ ಕ್ಯಾಮೆರಾ ಜಾಹೀರಾತುಗಳಲ್ಲಿ ಮೆಗಾಪಿಕ್ಸೆಲ್ ಎಷ್ಟು, ತಿಂಗಳ ಕಂತು ಎಷ್ಟು, ಬ್ಯಾಗು ಮೆಮೊರಿ ಕಾರ್ಡು ಉಚಿತವೇ ಎಂಬುದೆಲ್ಲ ದಪ್ಪಕ್ಷರದಲ್ಲಿರುತ್ತದೆ. ಲೆನ್ಸ್ ಬಗ್ಗೆ ಮಾತ್ರ ‘ಎರಡು ಲೆನ್ಸ್ ಸೇರಿ’ ಎಂಬಷ್ಟೇ ಮಾಹಿತಿ. ಆದರೆ ಕ್ಯಾನನ್ 1500ಡಿ, 200ಡಿ ಮಾರ್ಕ್ 2, ನಿಕಾನ್ ಡಿ3500ನಂಥ ಆರಂಭಿಕ ಡಿಎಸ್‌ಎಲ್‌ಆರ್‌ಗಳ (ಒಳಗೆ ಕನ್ನಡಿಯಿರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾಗಳ) ಸೆನ್ಸರ್‌ಗಳಲ್ಲಿ, ಅಂದರೆ ಚಿತ್ರ ಮೂಡುವ ಫಲಕಗಳಲ್ಲಿ, ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಎಲ್ಲವೂ 24 ಮೆಗಾಪಿಕ್ಸೆಲ್ ಆಸುಪಾಸಿನವೇ. ಚಿತ್ರ ಹೇಗೆ ಬರುತ್ತದೆ ಎಂಬುದನ್ನು ನಿರ್ಧರಿಸುವುದು ಮುಂದೆ ಕೂರುವ ಗಾಜು. ಹೊಸ ಕ್ಯಾಮೆರಾ ಕೊಂಡವರು ಮೊದಲ ಮದುವೆ, ಮೊದಲ ನಾಮಕರಣ ಮುಗಿಸಿ ಬಂದು ‘ಇದಕ್ಕಿಂತ ಮೊಬೈಲೇ ವಾಸಿ’ ಎನ್ನುವುದಕ್ಕೂ ಕಾರಣ ಕ್ಯಾಮೆರಾ ಅಲ್ಲ, ಲೆನ್ಸ್ ಆಯ್ಕೆ. ಅದರ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ, ಜಾಗ ಹೆಚ್ಚಾದರೆ ಕ್ಷಮಿಸಿ.

ಲೆನ್ಸ್ ಇಲ್ಲದ ಬಾಡಿಯೊಂದನ್ನೇ ಕೊಳ್ಳಬೇಕೋ, ಡಬ್ಬಿಯಲ್ಲೇ ಬರುವ 18-55 ಎಂಎಂ ಕಿಟ್ ಲೆನ್ಸ್ (ಎಂಎಂ ಕಡಿಮೆಯಾದಷ್ಟೂ ನೋಟ ಅಗಲ, ಹೆಚ್ಚಿದಷ್ಟೂ ದೂರದ್ದು ದೊಡ್ಡದು) ಜತೆಗೆ ಕೊಳ್ಳಬೇಕೋ ಎಂಬ ಪ್ರಶ್ನೆಗೆ ಉತ್ತರ ಸುಲಭ. ಕಿಟ್ ಲೆನ್ಸ್ ಜತೆಗೇ ಕೊಳ್ಳಿ. ಬೆಲೆಯ ಅಂತರ ಕಡಿಮೆ, ಅದೇ ಲೆನ್ಸನ್ನು ಆಮೇಲೆ ಬಿಡಿಯಾಗಿ ಕೊಂಡರೆ ಹೆಚ್ಚು ತೆರಬೇಕು. ಹಗಲು ಬೆಳಕಿನಲ್ಲಿ ಎಫ್/8ರಲ್ಲಿ (ಎಫ್ ಅಂಕಿಯೆಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿಯ ಅಳತೆ) ತೆಗೆದ ಚಿತ್ರದಲ್ಲಿ ಅದನ್ನು ದುಬಾರಿ ಲೆನ್ಸಿನಿಂದ ಬೇರ್ಪಡಿಸುವುದು ಕಷ್ಟ. ಅದು ಸೋಲುವುದು ಬೆಳಕು ಇಳಿದಾಗ. 18ರಲ್ಲಿ ಅದರ ಕಿಂಡಿ ಎಫ್/3.5 ಅಥವಾ ಎಫ್/4 ತೆರೆದುಕೊಂಡರೆ, 55ಕ್ಕೆ ತಿರುಗಿಸಿದಾಗ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದೇ ಇಲ್ಲ. ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು ಎಂಬುದನ್ನು ನೆನಪಿಡಬೇಕು. ಎರಡು ಎಫ್ ಅಂಕಿಗಳ ನಡುವಿನ ಬೆಳಕಿನ ವ್ಯತ್ಯಾಸ ತಿಳಿಯಲು ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. 5.6 ಭಾಗಿಸು 1.8 ಅಂದರೆ 3.1, 3.1 ಗುಣಿಸು 3.1 ಅಂದರೆ ಹತ್ತಿರ ಹತ್ತಿರ 10. ಎಫ್/1.8 ಲೆನ್ಸ್ ಒಳಬಿಡುವ ಬೆಳಕು ಎಫ್/5.6ರ ಹತ್ತು ಪಟ್ಟು.

ಕಲ್ಯಾಣ ಮಂಟಪದಲ್ಲಿ ಈ ಹತ್ತು ಪಟ್ಟಿನ ಅರ್ಥವೇನು? ಎಫ್/5.6ರಲ್ಲಿ ಐಎಸ್ಒ (ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಎಂಬ ಅಳತೆ) 6400, ಶಟರ್ (ಸೆನ್ಸರ್ ಮೇಲೆ ಬೆಳಕು ಬೀಳುವ ಹೊತ್ತು) 1/60 ಸೆಕೆಂಡ್ ಬೇಕಾಗುವ ಜಾಗ ಎಂದಿಟ್ಟುಕೊಳ್ಳಿ. 1/60ರಲ್ಲಿ ಅಕ್ಷತೆ ಎರಚುವ ಕೈಗಳೆಲ್ಲ ಮಸುಕಾಗುತ್ತವೆ, 6400ರಲ್ಲಿ ಮುಖದ ಮೇಲೆಲ್ಲ ರವೆ ಚೆಲ್ಲಿದಂತೆ ನಾಯ್ಸ್. ಅದೇ ಜಾಗದಲ್ಲಿ ಎಫ್/1.8 ಇದ್ದರೆ ಐಎಸ್ಒ 1600ಕ್ಕೆ ಇಳಿಸಿ ಶಟರನ್ನು 1/160ಕ್ಕೆ ಏರಿಸಬಹುದು. ಒಂದೇ ಕ್ಯಾಮೆರಾ, ಬೇರೆಯೇ ಚಿತ್ರ. ಕಿಟ್ ಲೆನ್ಸಿನ ಮೇಲೆ ಬರೆದ ಐಎಸ್ ಅಥವಾ ವಿಆರ್ ಇಲ್ಲಿ ಕಾಯುತ್ತದೆ ಎಂದು ಅಂಗಡಿಯಲ್ಲಿ ಹೇಳುವುದುಂಟು. ಅದು ನಿಮ್ಮ ಕೈ ನಡುಕವನ್ನಷ್ಟೇ ತಡೆಯುತ್ತದೆ, ಎದುರಿನವರು ಅಲುಗುವುದನ್ನಲ್ಲ. ಕಲ್ಲಿನ ಕಂಬಕ್ಕೆ ಅದು ವರ, ಮೂರು ವರ್ಷದ ಮಗುವಿಗೆ ಏನೂ ಉಪಯೋಗವಿಲ್ಲ.

ಕ್ಯಾಮೆರಾದ ತಲೆಯ ಮೇಲಿನ ಪುಟ್ಟ ಫ್ಲ್ಯಾಶ್ ಬಗ್ಗೆಯೂ ಭ್ರಮೆ ಬೇಡ. 1500ಡಿಯ ಫ್ಲ್ಯಾಶಿನ ಗೈಡ್ ನಂಬರ್, ಅಂದರೆ ಅದರ ಶಕ್ತಿಯ ಅಳತೆ, ಐಎಸ್ಒ 100ರಲ್ಲಿ ಸುಮಾರು 9 ಮೀಟರ್. ಅದನ್ನು 5.6ರಿಂದ ಭಾಗಿಸಿದರೆ ಬೆಳಕು ಮುಟ್ಟುವ ದೂರ ಒಂದೂವರೆ ಮೀಟರ್ ಚಿಲ್ಲರೆ. ಐಎಸ್ಒ 800ಕ್ಕೆ ಏರಿಸಿದರೆ ನಾಲ್ಕೂವರೆ ಮೀಟರ್. ಅದರಾಚೆ ಕತ್ತಲೆ, ಅದರೊಳಗೆ ಎಣ್ಣೆ ಹಚ್ಚಿದಂತೆ ಹೊಳೆಯುವ ಹಣೆಗಳು. ಮನೆಯೊಳಗಿನ ಸಮಾರಂಭಗಳೇ ಹೆಚ್ಚಾಗಿದ್ದು, ಬಿಳಿ ಸುಣ್ಣದ ಆರ್‌ಸಿಸಿ ಸೂರು ಇದ್ದರೆ, ತಲೆ ತಿರುಗುವ ಹೊರ ಫ್ಲ್ಯಾಶ್ ಒಂದನ್ನು ಕೊಂಡು ಬೆಳಕನ್ನು ಸೂರಿಗೆ ಹೊಡೆದು ಇಳಿಸುವುದು ಹೊಸ ಲೆನ್ಸಿಗಿಂತ ಹೆಚ್ಚು ಕೆಲಸಕ್ಕೆ ಬರಬಹುದು. ಮಂಗಳೂರು ಹೆಂಚಿನ ಮಾಡಿನ ಕೆಳಗೆ ಮತ್ತು ಬಣ್ಣದ ಬಟ್ಟೆ ಇಳಿಬಿಟ್ಟ ಮಂಟಪಗಳಲ್ಲಿ ಆ ಉಪಾಯ ನಡೆಯುವುದಿಲ್ಲ. ಬೆಳಕು ಮೇಲೆ ಹೋದದ್ದು ಕೆಳಗೆ ಬರುವುದಿಲ್ಲ, ಬಂದರೂ ಬಟ್ಟೆಯ ಬಣ್ಣ ಹೊತ್ತು ಬರುತ್ತದೆ.

ಹಾಗಾದರೆ ದೊಡ್ಡ ಕಿಂಡಿಯ ಪ್ರೈಮ್ ಲೆನ್ಸ್, ಅಂದರೆ ಝೂಮ್ ಇಲ್ಲದೆ ಒಂದೇ ಎಂಎಂನದ್ದು, ಬೇಕು. ಎಲ್ಲರೂ ಕಣ್ಣು ಮುಚ್ಚಿ ಹೇಳುವುದು ‘ಫಿಫ್ಟಿ ಎಂಎಂ ತಗೊಳ್ಳಿ’. ನನ್ನ ತಕರಾರು ಇರುವುದೇ ಇಲ್ಲಿ. ಈ ಸಲಹೆ ಫಿಲಂ ಕಾಲದ್ದು. 36 ಗುಣಿಸು 24 ಎಂಎಂ ಫಿಲಂ ಮೇಲೆ 50 ಎಂಎಂ ಲೆನ್ಸ್ ಎಲ್ಲಕ್ಕೂ ಒದಗುತ್ತಿತ್ತು. ಇಂದಿನ ಆರಂಭಿಕ ಡಿಎಸ್‌ಎಲ್‌ಆರ್‌ಗಳ ಸೆನ್ಸರ್ ಅದಕ್ಕಿಂತ ಚಿಕ್ಕದು. ಕ್ಯಾನನ್‌ನಲ್ಲಿ ಉದ್ದ 22.3 ಎಂಎಂ, ನಿಕಾನ್‌ನಲ್ಲಿ 23.5. ಹಾಗಾಗಿ ಅದೇ 50 ಎಂಎಂ ಕ್ಯಾನನ್ ಮೇಲೆ ಫಿಲಂ ಕಾಲದ 80ರಂತೆ, ನಿಕಾನ್ ಮೇಲೆ 75ರಂತೆ ನೋಡುತ್ತದೆ. ಅಂದರೆ ದೂರದ್ದನ್ನು ಹತ್ತಿರ ತರುವ ಟೆಲಿ ಲೆನ್ಸಿನಂತೆ ಕೊಂಚ ಆಗಿಬಿಡುತ್ತದೆ.

ಇದು ಎಷ್ಟು ಕಾಡುತ್ತದೆ ಎಂಬುದನ್ನು ಅಂಗಡಿಗೆ ಹೋಗುವ ಮೊದಲೇ ಟೇಪು ಹಿಡಿದು ತಿಳಿಯಬಹುದು. ಚೌಕಟ್ಟಿನಲ್ಲಿ ಎಷ್ಟು ಎತ್ತರ ಅಥವಾ ಅಗಲ ಹಿಡಿಸಬೇಕೋ ಅದನ್ನು ಲೆನ್ಸಿನ ಎಂಎಂನಿಂದ ಗುಣಿಸಿ, ಸೆನ್ಸರಿನ ಉದ್ದದಿಂದ ಭಾಗಿಸಿದರೆ ನೀವು ನಿಲ್ಲಬೇಕಾದ ದೂರ ಸಿಗುತ್ತದೆ. ಆಳೆತ್ತರದ ಒಬ್ಬರನ್ನು ತಲೆಯ ಮೇಲೂ ಪಾದದ ಕೆಳಗೂ ಅಂಗೈಯಗಲ ಬಿಟ್ಟು ಹಿಡಿಸಲು 1.9 ಮೀಟರ್ ಬೇಕು ಎನ್ನೋಣ. ಕ್ಯಾಮೆರಾವನ್ನು ಉದ್ದಕ್ಕೆ ತಿರುಗಿಸಿ ಹಿಡಿದರೂ ಕ್ಯಾನನ್ ಮೇಲಿನ 50 ಎಂಎಂಗೆ 4.3 ಮೀಟರ್, ಅಂದರೆ 14 ಅಡಿ ಹಿಂದೆ ಹೋಗಬೇಕು. ನಮ್ಮ ಮನೆಗಳ ಕೋಣೆ 10 ಗುಣಿಸು 12 ಅಡಿ. ಮಂಚ, ಬೀರು ಕಳೆದರೆ ಓಡಾಡಲು ಉಳಿಯುವುದು ಎಂಟೋ ಒಂಬತ್ತೋ ಅಡಿ. ತೊಟ್ಟಿಲ ಶಾಸ್ತ್ರದ ದಿನ 50 ಎಂಎಂ ಹಾಕಿಕೊಂಡವರು ಬಾಗಿಲಾಚೆ ಪಡಸಾಲೆಯಲ್ಲಿ ನಿಲ್ಲಬೇಕಾಗುತ್ತದೆ, ನಡುವೆ ನೆಂಟರಿಷ್ಟರು ಅಡ್ಡ ಬರುತ್ತಾರೆ. ನಿಕಾನ್ ಮೇಲಿನ 35 ಎಂಎಂಗೆ ಅದೇ ಚಿತ್ರ 2.8 ಮೀಟರ್ ಅಥವಾ ಒಂಬತ್ತು ಅಡಿಯಲ್ಲಿ ಮುಗಿಯುತ್ತದೆ. ಕ್ಯಾನನ್ ಮೇಲಿನ 24 ಎಂಎಂಗೆ ಎರಡು ಮೀಟರ್ ಸಾಕು. ಐದು ಜನ ಸಾಲಾಗಿ ನಿಂತರೆ ಸುಮಾರು ಎರಡೂವರೆ ಮೀಟರ್ ಅಗಲ. ಅದಕ್ಕೆ 50 ಎಂಎಂ ಕೇಳುವುದು 5.6 ಮೀಟರ್, ನಿಕಾನಿನ 35 ಎಂಎಂ ಕೇಳುವುದು 3.7, 24 ಎಂಎಂ ಕೇಳುವುದು 2.7.

ನಿಕಾನ್ ಕೊಂಡವರ ದಾರಿ ಇಲ್ಲಿ ಸಲೀಸು. 2009ರಲ್ಲಿ ಬಂದ ಎಎಫ್-ಎಸ್ ಡಿಎಕ್ಸ್ 35 ಎಂಎಂ ಎಫ್/1.8ಜಿ ಇಂಥ ಬಾಡಿಗಳಿಗೆಂದೇ ಮಾಡಿದ್ದು. 200 ಗ್ರಾಂ ತೂಕ, 30 ಸೆಂಟಿಮೀಟರ್ ಹತ್ತಿರದವರೆಗೆ ಫೋಕಸ್, ಲೆನ್ಸಿನ ಮುಂದೆ ನೆರಳಿಗೆ ಹಾಕುವ ಹುಡ್ ಡಬ್ಬಿಯಲ್ಲೇ ಬರುತ್ತದೆ. ಕಿಟ್ ಲೆನ್ಸ್ 35ರಲ್ಲಿ ಸುಮಾರು ಎಫ್/4.5 ಇರುವುದರಿಂದ ಬೆಳಕಿನ ಲಾಭ ಆರು ಪಟ್ಟು. ಇದನ್ನು ಕೊಳ್ಳಲು ಹೆಚ್ಚು ಯೋಚಿಸಬೇಕಿಲ್ಲ.

ಕ್ಯಾನನ್‌ನವರಿಗೆ ಹಾಗಿಲ್ಲ. ಅವರಿಗೆ ಸರಿಸಾಟಿಯಾದ ಅಗ್ಗದ 35 ಎಂಎಂ ಎಫ್/1.8 ಎಂಬುದೇ ಈ ಮೌಂಟಿನಲ್ಲಿ (ಬಾಡಿಗೆ ಲೆನ್ಸ್ ಕೂರುವ ಬಾಯಿ) ಇಲ್ಲ. ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ಇದೆ. ಬಿಸ್ಕತ್ತಿನಷ್ಟು ತೆಳುವಾದ ಅದರ ತೂಕ 125 ಗ್ರಾಂ, 16 ಸೆಂಟಿಮೀಟರ್‌ನಷ್ಟು ಹತ್ತಿರದ ವಸ್ತುವನ್ನೂ ಹಿಡಿಯುತ್ತದೆ. ಊಟದೆಲೆ, ರಂಗೋಲಿ, ಬೀದಿ, ಇಕ್ಕಟ್ಟಿನ ಕೋಣೆ ಎಲ್ಲಕ್ಕೂ ಒಪ್ಪುವ ಲೆನ್ಸ್. ಆದರೆ ಬೆಳಕಿನ ವಿಷಯದಲ್ಲಿ ಅದನ್ನು ಹೊಗಳುವವರು ಒಂದು ಲೆಕ್ಕ ಬಿಟ್ಟುಬಿಡುತ್ತಾರೆ. ಕಿಟ್ ಲೆನ್ಸ್ 24ರಲ್ಲಿ ಸುಮಾರು ಎಫ್/4 ಇರುತ್ತದೆ, ಎಫ್/2.8 ಕೊಡುವುದು ಅದರ ಎರಡು ಪಟ್ಟು ಮಾತ್ರ. ಕಿಟ್ ಲೆನ್ಸಿನಲ್ಲಿರುವ ಐಎಸ್ ಇದರಲ್ಲಿ ಇಲ್ಲದ್ದರಿಂದ ಅಲುಗಾಡದ ವಸ್ತುಗಳಿಗೆ ಆ ಲಾಭವೂ ಕರಗಿಹೋಗುತ್ತದೆ. ಆದ್ದರಿಂದ ಕ್ಯಾನನ್‌ನಲ್ಲಿ ನಿಜವಾಗಿ ಕತ್ತಲು ಗೆಲ್ಲಬೇಕಿದ್ದರೆ 2015ರ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂಗೇ ಬರಬೇಕು. 160 ಗ್ರಾಂ, 49 ಎಂಎಂ ಫಿಲ್ಟರ್, ಹತ್ತಿರದ ಫೋಕಸ್ 35 ಸೆಂಟಿಮೀಟರ್. ಆರತಕ್ಷತೆ ವೇದಿಕೆಯ ಕೆಳಗೆ ನಿಂತು ಜೋಡಿಯನ್ನು ಸೊಂಟದವರೆಗೆ ತೆಗೆಯಲು, ಜಗಲಿಯ ಮೇಲೆ ಕೂತ ಅಜ್ಜಿಯ ಮುಖಕ್ಕೆ ಅದು ಹೇಳಿ ಮಾಡಿಸಿದ್ದು. ಭುಜದವರೆಗಿನ ಚಿತ್ರಕ್ಕೆ ಅದು ಒಂದೂಕಾಲು, ಒಂದೂವರೆ ಮೀಟರ್ ದೂರದಲ್ಲಿ ನಿಲ್ಲಿಸುತ್ತದೆ, ಮೂಗು ಕಿವಿ ಅಳತೆ ತಪ್ಪುವುದಿಲ್ಲ. ಅದೇ ಚಿತ್ರಕ್ಕೆ 24 ಎಂಎಂ ಹಾಕಿದರೆ ಎರಡಡಿ ಹತ್ತಿರ ಹೋಗಬೇಕಾಗಿ ಮೂಗು ಮುಂದೆ ಚಾಚಿಕೊಳ್ಳುತ್ತದೆ. ಹಣವಿದ್ದವರಿಗೆ 2012ರ ಇಎಫ್ 35 ಎಂಎಂ ಎಫ್/2 ಐಎಸ್ ಯುಎಸ್‌ಎಂ ಈ ಎರಡರ ನಡುವಿನ ಉತ್ತಮ ದಾರಿ. ಹಳೆಯದು ಒಳ್ಳೆಯ ಸ್ಥಿತಿಯಲ್ಲಿ ಸಿಕ್ಕರೆ ಬಿಡಬೇಡಿ. ಯಾಂಗ್‌ನುವೊ ಕಂಪನಿಯ ಅಗ್ಗದ 35, 50 ಎಂಎಂಗಳಲ್ಲಿ ಕಿಂಡಿ ದೊಡ್ಡದೇ, ಆದರೆ ಮಂದ ಬೆಳಕಿನಲ್ಲಿ ಆಟೋಫೋಕಸ್ ಹಿಂದೆ ಮುಂದೆ ತಡಕಾಡುತ್ತದೆ. ಬೆಳಕು ಕಡಿಮೆಯೆಂದು ಕೊಂಡ ಲೆನ್ಸ್ ಬೆಳಕು ಕಡಿಮೆಯಾದಾಗಲೇ ಕೈಕೊಟ್ಟರೆ ಉಳಿಸಿದ ಹಣ ಉಳಿದಂತಾಗುವುದಿಲ್ಲ.

ಇಷ್ಟಾದರೂ ಅನುಮಾನ ಉಳಿದಿದ್ದರೆ ಕಿಟ್ ಲೆನ್ಸೇ ಪರೀಕ್ಷಕ. ಅದರ ಝೂಮ್ ಉಂಗುರದ ಮೇಲೆ 24, 35, 55 ಎಂದು ಗುರುತುಗಳಿವೆ. ಒಂದು ಅಂಕಿಗೆ ತಂದು ಉಂಗುರಕ್ಕೆ ಕಾಗದದ ಅಂಟುಪಟ್ಟಿ ಸುತ್ತಿ, ಒಂದು ವಾರ ಝೂಮ್ ಮಾಡದೆ ಚಿತ್ರ ತೆಗೆಯಿರಿ. ಪ್ಲಾಸ್ಟಿಕ್ ಸೆಲ್ಲೋಟೇಪ್ ಬೇಡ, ಅದರ ಗೋಂದು ರಬ್ಬರಿನ ಮೇಲೆ ಉಳಿಯುತ್ತದೆ. ಮುಂದಿನ ವಾರ ಇನ್ನೊಂದು ಅಂಕಿ. ಇನ್ನೂ ಸುಲಭದ ದಾರಿಯೆಂದರೆ ಈಗಾಗಲೇ ತೆಗೆದ ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿ, ಒಂದೊಂದರ ಪ್ರಾಪರ್ಟೀಸ್‌ನಲ್ಲಿ ಫೋಕಲ್ ಲೆಂತ್ ಎಂಬ ಸಾಲನ್ನು ನೋಡುವುದು. ಮೆಚ್ಚಿದ ಚಿತ್ರಗಳನ್ನಷ್ಟೇ ನೋಡಿ. ಬಹುಪಾಲು 18ರಲ್ಲೇ ಇದ್ದರೆ ನಿಮಗೆ ಪ್ರೈಮ್ ಬೇಡವೇ ಬೇಡ, ಇನ್ನೂ ಅಗಲದ ಲೆನ್ಸ್ ಬೇಕು. ಕ್ಯಾನನ್‌ನ ಇಎಫ್-ಎಸ್ 10-18 ಎಂಎಂ ಎಸ್‌ಟಿಎಂ 240 ಗ್ರಾಂ ತೂಕದ, ಐಎಸ್ ಇರುವ ಲೆನ್ಸ್. ಬೇಲೂರಿನ ನವರಂಗದೊಳಗೆ ಕಂಬ, ಭುವನೇಶ್ವರಿ (ಕೆತ್ತನೆಯ ಸೂರು) ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಿಡಿಯಲು 18 ಎಂಎಂ ಸಾಲುವುದಿಲ್ಲ. ಕಲ್ಲು ಅಲುಗುವುದಿಲ್ಲವಾದ್ದರಿಂದ ಎಫ್/4.5 ಕೂಡ ಅಲ್ಲಿ ತೊಂದರೆಯಲ್ಲ, ಐಎಸ್ ನಂಬಿ ಶಟರನ್ನು 1/8ಕ್ಕೆ ಇಳಿಸಿ ಉಸಿರು ಹಿಡಿದರೆ ಆಯಿತು.

ಬಹುಪಾಲು ಚಿತ್ರ 55ರಲ್ಲೇ ಇದ್ದರೆ ಟೆಲಿ ಝೂಮ್ ಬೇಕು, ಅಲ್ಲಿಗೆ ಜಾಹೀರಾತಿನ ಎರಡನೇ ಲೆನ್ಸ್ ಸಾರ್ಥಕ. ಹಕ್ಕಿ ತೆಗೆಯುವವರಿಗೆ 55-250 ಅಥವಾ ನಿಕಾನಿನ 70-300 ವಿಆರ್ ಒಳ್ಳೆಯ ಆರಂಭ. ಅದರ ಶಕ್ತಿ ಎಷ್ಟು ಎಂಬುದಕ್ಕೂ ಅದೇ ಸೂತ್ರ. ರಂಗನತಿಟ್ಟಿನ ದೋಣಿಯಿಂದ 15 ಮೀಟರ್ ದೂರದಲ್ಲಿ ನಿಂತ, ಒಂದು ಮೀಟರ್ ಎತ್ತರದ ಬಣ್ಣದ ಕೊಕ್ಕರೆ 250 ಎಂಎಂನಲ್ಲಿ ಅಡ್ಡ ಚೌಕಟ್ಟನ್ನು ತುಂಬಿ ಮೀರುತ್ತದೆ. ಕ್ಯಾಮೆರಾ ಉದ್ದಕ್ಕೆ ತಿರುಗಿಸಬೇಕು. ಅದೇ ಲೆನ್ಸಿಗೆ 10 ಮೀಟರ್ ದೂರದ ತಂತಿಯ ಮೇಲೆ ಕೂತ, ಗೇಣಿಗಿಂತ ಚಿಕ್ಕದಾದ ಪತ್ರಂಗ ಹಕ್ಕಿ ಚೌಕಟ್ಟಿನ ಉದ್ದದ ಐದರಲ್ಲೊಂದು ಭಾಗವಷ್ಟೇ ಆಗುತ್ತದೆ. ಕೊಕ್ಕರೆಗೆ ಸಾಕಾದದ್ದು ಪತ್ರಂಗಕ್ಕೆ ಸಾಲದು. ಕೂತ ಹಕ್ಕಿಗೆ 1/500, ಹಾರುವುದಕ್ಕೆ 1/1000ಕ್ಕಿಂತ ಕಡಿಮೆ ಶಟರ್ ಇಟ್ಟರೆ ಐಎಸ್ ಇದ್ದೂ ರೆಕ್ಕೆ ಕಲಸಿಹೋಗುತ್ತದೆ. ನಮ್ಮ ಅರಣ್ಯ ಇಲಾಖೆ ಸಫಾರಿಗಳಲ್ಲಿ ಲೆನ್ಸಿನ ಎಂಎಂ ನೋಡಿ ಕ್ಯಾಮೆರಾ ಶುಲ್ಕ ಹೇರುತ್ತದೆ ಎಂಬುದೂ ಗೊತ್ತಿರಲಿ. ಒಂದು ದಿನದ ಶುಲ್ಕ ಕೇಳಿ ಬಾಯಿ ಬಿಡುವವರು ಕೌಂಟರಿನಲ್ಲಿ ಬೇಕಾದಷ್ಟು ಸಿಗುತ್ತಾರೆ.

ಇದೇ ಟೆಲಿ ಝೂಮನ್ನು ಯಕ್ಷಗಾನಕ್ಕೆ ಒಯ್ದರೆ ನಿರಾಸೆ ಖಚಿತ. ದಿಗಿಣ ಹಾಕುವ ವೇಷಧಾರಿಯನ್ನು ನಿಲ್ಲಿಸಲು ಕನಿಷ್ಠ 1/250 ಬೇಕು. ಎಫ್/5.6 ಅದಕ್ಕೆ ಒದಗುವುದಿಲ್ಲ. ರಂಗಸ್ಥಳದ ಹತ್ತಿರ, ಎಡ ಅಥವಾ ಬಲ ಮೂಲೆಯಲ್ಲಿ ಕೂತು 50 ಎಂಎಂ ಎಫ್/1.8 ಬಳಸುವುದೇ ಮೇಲು. ಇನ್ನೊಂದು ತೊಡಕು ಎಲ್‌ಇಡಿ ದೀಪಗಳದ್ದು. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದ್ದಾದ್ದರಿಂದ ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ ವೇಗ ಹೆಚ್ಚಿದಂತೆ ಚಿತ್ರದಲ್ಲಿ ಅಡ್ಡ ಪಟ್ಟೆಗಳು, ಒಂದು ಚಿತ್ರದಿಂದ ಇನ್ನೊಂದಕ್ಕೆ ಬಣ್ಣದ ಏರಿಳಿತ ಕಾಣಿಸುತ್ತದೆ. ಅದನ್ನು ಲೆನ್ಸಿನ ದೋಷವೆಂದು ಅಂಗಡಿಗೆ ಹಿಂದಿರುಗಿಸುವವರಿದ್ದಾರೆ. ಶಟರನ್ನು 1/100 ಅಥವಾ 1/50ಕ್ಕೆ ಇಟ್ಟು ನೋಡಿದರೆ ಪಟ್ಟೆ ಮಾಯವಾಗುತ್ತದೆ. ಕುಣಿತ ನಿಂತು ಅರ್ಥ ಹೇಳುವ ಹೊತ್ತು ನೋಡಿ ಒತ್ತುವುದು ಅಲ್ಲಿಯ ಜಾಣತನ.

ಆಯ್ಕೆ ಸರಿಯಾಗಿದ್ದೂ ಕೊಳ್ಳುವಾಗ ಎಡವುವುದು ಮೌಂಟ್ ವಿಷಯದಲ್ಲಿ. ಆನ್‌ಲೈನಿನಲ್ಲಿ ‘ಕ್ಯಾನನ್ 50 ಎಂಎಂ 1.8 ಎಸ್‌ಟಿಎಂ’ ಎಂದು ಹುಡುಕಿದರೆ ಎರಡು ಲೆನ್ಸ್ ಎದುರಾಗುತ್ತವೆ. ಒಂದು ಇಎಫ್, ಇನ್ನೊಂದು 2020ರಲ್ಲಿ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಗಳಿಗೆಂದು ಬಂದ ಆರ್‌ಎಫ್. ಚಿತ್ರದಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆರ್‌ಎಫ್ ಲೆನ್ಸ್ ಡಿಎಸ್‌ಎಲ್‌ಆರ್ ಮೇಲೆ ಕೂರುವುದಿಲ್ಲ, ಯಾವ ಅಡಾಪ್ಟರ್ ಹಾಕಿದರೂ ಇಲ್ಲ. ನಿಕಾನಿನ ಝಡ್ ಲೆನ್ಸ್‌ಗಳದ್ದೂ ಇದೇ ಕತೆ. ತಿರುಗಾಮುರುಗಾ ನಡೆಯುತ್ತದೆ: ಇಂದಿನ ಇಎಫ್, ಇಎಫ್-ಎಸ್ ಲೆನ್ಸ್‌ಗಳನ್ನು ನಾಳೆ ಆರ್ ಸರಣಿಯ ಮಿರರ್‌ಲೆಸ್ ಕೊಂಡಾಗ ಕಂಪನಿಯ ಅಡಾಪ್ಟರ್ ಮೂಲಕ ಬಳಸಬಹುದು. ನಿಕಾನಿನ ಎಎಫ್-ಎಸ್, ಎಎಫ್-ಪಿ ಲೆನ್ಸ್‌ಗಳು ಎಫ್‌ಟಿಝಡ್ ಅಡಾಪ್ಟರ್ ಮೇಲೆ ಆಟೋಫೋಕಸ್ ಸಮೇತ ನಡೆಯುತ್ತವೆ. ಡಿಎಸ್‌ಎಲ್‌ಆರ್ ಕಾಲ ಮುಗಿಯಿತು, ಈಗ ಲೆನ್ಸಿಗೆ ಹಣ ಹಾಕುವುದು ದಂಡ ಎನ್ನುವವರಿಗೆ ಇಷ್ಟು ಉತ್ತರ ಸಾಕು.

ನಿಕಾನಿನಲ್ಲಿ ಇನ್ನೂ ಒಂದು ಗುಂಡಿ ಇದೆ. ಡಿ3000, ಡಿ5000 ಸರಣಿಯ ಬಾಡಿಗಳೊಳಗೆ ಫೋಕಸ್ ಮೋಟಾರಿಲ್ಲ. ಮೋಟಾರು ಲೆನ್ಸಿನಲ್ಲೇ ಇರಬೇಕು. ಹಳೆಯ 50 ಎಂಎಂ ಎಫ್/1.8ಡಿ ಅಗ್ಗಕ್ಕೆ ಸಿಗುತ್ತದೆಂದು ಕೊಂಡರೆ ಅದು ಈ ಬಾಡಿಗಳ ಮೇಲೆ ತಾನಾಗಿ ಫೋಕಸ್ ಆಗುವುದಿಲ್ಲ, ಕೈಯಲ್ಲೇ ತಿರುಗಿಸಬೇಕು. ಹೆಸರಿನಲ್ಲಿ ಬರೀ ಎಎಫ್ ಎಂದಿದ್ದರೆ ಬಿಡಿ, ಎಎಫ್-ಎಸ್ ಎಂದಿದ್ದರೆ ಸರಿ. ಎಎಫ್-ಪಿ ಎಂದಿದ್ದರೆ ಬಾಡಿ ಹೊಸದಿರಬೇಕು. ಅಣ್ಣ ಕೊಟ್ಟ ಹಳೆಯ ಡಿ3100, ಡಿ5100ಗಳ ಮೇಲೆ ಎಎಫ್-ಪಿ ಲೆನ್ಸ್ ಫೋಕಸ್ ಮಾಡುವುದೇ ಇಲ್ಲ. ಮತ್ತೆ, ಎಎಫ್-ಪಿ 18-55 ವಿಆರ್ ಲೆನ್ಸಿನ ಮೇಲೆ ವಿಆರ್ ಬಟನ್ನೇ ಇರುವುದಿಲ್ಲ, ಅದು ಕ್ಯಾಮೆರಾದ ಮೆನುವಿನಲ್ಲಿದೆ. ಬಟನ್ ಕಾಣಲಿಲ್ಲವೆಂದು ವಿಆರ್ ಇಲ್ಲದ್ದು ಕೊಟ್ಟರೆಂದು ಜಗಳಕ್ಕೆ ಹೋಗುವ ಮೊದಲು ಲೆನ್ಸಿನ ಹೆಸರು ಓದಿ.

ಹೆಸರು ಓದುವುದು ನಿಜಕ್ಕೂ ಮುಖ್ಯ, ಏಕೆಂದರೆ ಒಂದೇ ಎಂಎಂನ ಲೆನ್ಸ್‌ಗಳಲ್ಲಿ ಐಎಸ್ ಇದ್ದದ್ದು, ಇಲ್ಲದ್ದು ಎರಡೂ ಮಾರಾಟವಾಗುತ್ತವೆ. ಕ್ಯಾನನ್ 18-55ರ ಮೇಲೆ ಕೊನೆಗೆ ರೋಮನ್ ಮೂರು ಬರೆದಿದ್ದರೆ ಅದು ಎರಡಕ್ಕಿಂತ ಸುಧಾರಿಸಿದ್ದೆಂದು ಭಾವಿಸಬೇಡಿ, ಅದರಲ್ಲಿ ಐಎಸ್ ಇಲ್ಲ. ಕ್ಯಾನನ್‌ನ 75-300ರ ಮೂರನೇ ಆವೃತ್ತಿಯಲ್ಲೂ ಇಲ್ಲ. 50 ಎಂಎಂ ಕಡಿಮೆಯಾದರೂ 55-250 ಐಎಸ್ ಅದಕ್ಕಿಂತ ಎಷ್ಟೋ ಮೇಲು. ನಿಕಾನಿನ ಎಎಫ್-ಪಿ 70-300 ಕೂಡ ವಿಆರ್ ಇದ್ದದ್ದು, ಇಲ್ಲದ್ದು ಎರಡು ಬಗೆ. ಐಎಸ್ ಇಲ್ಲದ 300 ಎಂಎಂ ಲೆನ್ಸನ್ನು ಕೈಯಲ್ಲಿ ಹಿಡಿದು ತೆಗೆಯಲು ಶಟರ್ 1/450ಕ್ಕಿಂತ ವೇಗವಾಗಿರಬೇಕು. ಸಂಜೆ ಐದರ ನಂತರ ಅದು ಚೀಲದಲ್ಲೇ ಇರುತ್ತದೆ. ಆದ್ದರಿಂದ ತಮ್ಮ ಜಾಹೀರಾತು ವಿಭಾಗದವರಲ್ಲಿ ನನ್ನ ಕೋರಿಕೆ: ಕ್ಯಾಮೆರಾ ಅಂಗಡಿಯವರು ಜಾಹೀರಾತು ತಂದಾಗ ‘ಎರಡು ಲೆನ್ಸ್’ ಎಂಬ ಜಾಗದಲ್ಲಿ ಲೆನ್ಸಿನ ಪೂರ್ತಿ ಹೆಸರನ್ನು, ಎಂದರೆ ಮೌಂಟ್, ಎಂಎಂ, ಎಫ್ ಅಂಕಿ, ಐಎಸ್ ಅಥವಾ ವಿಆರ್ ಇಷ್ಟನ್ನೂ ಅಚ್ಚು ಹಾಕುವಂತೆ ಕೇಳಿ. ಒಂದು ಸಾಲಿಗಿಂತ ಹೆಚ್ಚು ಜಾಗ ಹಿಡಿಯುವುದಿಲ್ಲ. ಖಾತರಿ ಕಂಪನಿಯದ್ದೋ ಅಂಗಡಿಯದ್ದೋ ಎಂಬುದನ್ನೂ ಸೇರಿಸಿದರೆ ಇನ್ನೂ ಒಳ್ಳೆಯದು. ಕೊಳ್ಳುವವರು ಬಿಲ್ಲಿನಲ್ಲಿ ಬಾಡಿಯದ್ದಷ್ಟೇ ಅಲ್ಲ, ಲೆನ್ಸಿನ ಸೀರಿಯಲ್ ನಂಬರನ್ನೂ ಬರೆಸಿಕೊಳ್ಳಬೇಕು.

ಕಾಂಬೊ ಪೆಟ್ಟಿಗೆಯಲ್ಲಿ ಬರುವ 0.43 ಎಕ್ಸ್ ವೈಡ್ ಗಾಜು ಕಿಟ್ ಲೆನ್ಸಿನ ಮುಂದೆ ತಿರುಪುವಂಥದ್ದು. ಅಂಚುಗಳೆಲ್ಲ ಹರಡಿ ಹೋಗುತ್ತವೆ, ಆಟಕ್ಕೆ ಮಾತ್ರ ಸರಿ. 420-800 ಎಂಎಂ ಎಂದು ಆನ್‌ಲೈನಿನಲ್ಲಿ ಕಿಟ್ ಲೆನ್ಸಿನ ಬೆಲೆಗೆ ಮಾರುವ ಉದ್ದ ಕೊಳವೆಯ ಎಫ್ ಅಂಕಿ 8.3ರಿಂದ 16. ಆಟೋಫೋಕಸ್ ಇಲ್ಲ, ಕಣ್ಣಿಟ್ಟು ನೋಡುವ ವ್ಯೂಫೈಂಡರಿನಲ್ಲಿ ಕತ್ತಲೆ. ಹುಣ್ಣಿಮೆ ಚಂದ್ರನನ್ನು ಬಿಟ್ಟರೆ ಅದಕ್ಕೆ ಬೇರೆ ಕೆಲಸವಿಲ್ಲ. ಅಗ್ಗದ ಯುವಿ ಫಿಲ್ಟರ್ ಗಾಜಿಗೆ ರಕ್ಷಣೆಯೆಂದು ಹೇಳಿ ಹಚ್ಚುತ್ತಾರೆ. ರಾತ್ರಿ ಮೈಸೂರು ಅರಮನೆಯ ದೀಪಾಲಂಕಾರ ತೆಗೆದಾಗ ಪ್ರತಿ ದೀಪಕ್ಕೂ ತಲೆಕೆಳಗಾದ ಹಸಿರು ನೆರಳೊಂದು ಆಕಾಶದಲ್ಲಿ ತೇಲುವುದು ಅದರ ಕೊಡುಗೆ. ಅದರ ಬದಲು ಹುಡ್ ಕೊಳ್ಳಿ. ಕ್ಯಾನನ್ 50 ಎಸ್‌ಟಿಎಂಗೆ ಇಎಸ್-68 ಎಂಬ ಹುಡ್ ಬೇರೆಯಾಗಿ ಸಿಗುತ್ತದೆ. ಬೆರಳಚ್ಚು, ಹನಿ, ಪೆಟ್ಟು ಮೂರನ್ನೂ ತಡೆಯುತ್ತದೆ.

ಹೊಸ ಪ್ರೈಮ್ ಮನೆಗೆ ಬಂದ ಮೇಲೆ ಮೊದಲ ವಾರ ಕೇಳಿಬರುವ ದೂರು ‘ಶಾರ್ಪ್ ಇಲ್ಲ’. ಬಹುತೇಕ ಸಲ ತಪ್ಪು ಗಾಜಿನದ್ದಲ್ಲ, ಎಫ್/1.8ರಲ್ಲಿ ಸ್ಪಷ್ಟವಾಗಿ ಮೂಡುವ ಪದರ ಎಷ್ಟು ತೆಳುವೆಂಬ ಅಂದಾಜು ಇಲ್ಲದ್ದು. 50 ಎಂಎಂನಲ್ಲಿ ಒಂದು ಮೀಟರ್ ದೂರದ ಮುಖದ ಮೇಲೆ ಅದು ಎರಡೂವರೆ ಸೆಂಟಿಮೀಟರ್ ಮಾತ್ರ. ಕಣ್ಣು ಸ್ಪಷ್ಟ, ಕಿವಿ ಮಸುಕು. ಎರಡು ಮೀಟರಿನಲ್ಲಿ 11 ಸೆಂಟಿಮೀಟರ್. ಅದೇ ದೂರದಲ್ಲಿ ಎಫ್/4 ಇಟ್ಟರೆ 24. ಆದ್ದರಿಂದ ಒಬ್ಬರಿದ್ದರೆ ಎಫ್/2ರಿಂದ 2.8, ಎರಡು ಸಾಲು ಜನರಿದ್ದರೆ ಎಫ್/4 ಇಟ್ಟು ಕೊಂಚ ಹಿಂದೆ ಸರಿಯಿರಿ. ಕ್ಯಾಮೆರಾ ತಾನೇ ಫೋಕಸ್ ಬಿಂದು ಆರಿಸಲು ಬಿಟ್ಟರೆ ಅದು ಹತ್ತಿರದ್ದನ್ನು, ಅಂದರೆ ಹಾರವನ್ನೋ ಮೂಗನ್ನೋ ಹಿಡಿಯುತ್ತದೆ. 1500ಡಿಯ ಒಂಬತ್ತು ಬಿಂದುಗಳಲ್ಲಿ ನಡುವಿನದ್ದೊಂದೇ ಕ್ರಾಸ್ ಬಗೆಯದ್ದು (ಅಡ್ಡ, ಉದ್ದ ಎರಡೂ ಗೆರೆ ಗುರುತಿಸುವಂಥದ್ದು), ಮಂದ ಬೆಳಕಿನಲ್ಲಿ ನಂಬಬಹುದಾದ್ದೂ ಅದೇ. ಅದನ್ನು ಕಣ್ಣಿನ ಮೇಲಿಡಿ. ಹಿಡಿದ ಮೇಲೆ ಕ್ಯಾಮೆರಾವನ್ನು ಹೆಚ್ಚು ಹೊರಳಿಸಬೇಡಿ, ಪದರ ಕಣ್ಣಿನಿಂದ ಹಿಂದಕ್ಕೆ ಜಾರುತ್ತದೆ.

ಇಷ್ಟು ಮಾಡಿಯೂ ಮಸುಕಾದರೆ ಈ ಪತ್ರಿಕೆಯನ್ನೇ ಮೇಜಿನ ಮೇಲೆ ಹರಡಿ. ಒಂದೂವರೆ ಮೀಟರ್ ದೂರದಿಂದ, 45 ಡಿಗ್ರಿ ಓರೆಯಲ್ಲಿ, ಕ್ಯಾಮೆರಾವನ್ನು ಟ್ರೈಪಾಡ್ ಮೇಲೋ ಪುಸ್ತಕದ ರಾಶಿಯ ಮೇಲೋ ಇಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿ, ನಡುವಿನ ಒಂದು ತಲೆಬರಹದ ಮೇಲೆ ಫೋಕಸ್ ಮಾಡಿ ಎಫ್/1.8ರಲ್ಲಿ ಐದಾರು ಚಿತ್ರ ತೆಗೆಯಿರಿ. ಪ್ರತಿ ಸಲವೂ ಮೊದಲು ಫೋಕಸ್ ಕೆಡಿಸಿ ಮತ್ತೆ ಹಿಡಿಸಬೇಕು. ಆಮೇಲೆ ಅದನ್ನೇ ಲೈವ್ ವ್ಯೂನಲ್ಲಿ, ಪರದೆ ನೋಡಿ ಮಾಡಿ. ಲೈವ್ ವ್ಯೂನಲ್ಲಿ ಸೆನ್ಸರೇ ಫೋಕಸ್ ನೋಡುವುದರಿಂದ ಅಲ್ಲಿ ತಪ್ಪುವುದು ಕಡಿಮೆ. ಎರಡೂ ಸರಿ ಬಂದರೆ ಲೆನ್ಸ್ ಸರಿ. ಲೈವ್ ವ್ಯೂನಲ್ಲಿ ಸರಿಯಿದ್ದು, ವ್ಯೂಫೈಂಡರಿನಲ್ಲಿ ಪ್ರತಿ ಸಲವೂ ಒಂದೇ ದಿಕ್ಕಿಗೆ, ಹಿಂದಿನ ಸಾಲಿಗೋ ಮುಂದಿನ ಸಾಲಿಗೋ, ಫೋಕಸ್ ಜಾರಿದ್ದರೆ ಬಾಡಿ-ಲೆನ್ಸ್ ಹೊಂದಾಣಿಕೆ ತಪ್ಪಿದೆ. ಈ ಆರಂಭಿಕ ಬಾಡಿಗಳಲ್ಲಿ ಅದನ್ನು ಮೆನುವಿನಲ್ಲಿ ತಿದ್ದುವ ಸೌಲಭ್ಯವಿಲ್ಲ. ಬದಲಿ ಕೊಡುವ ಅವಧಿ ಮುಗಿಯುವ ಮೊದಲೇ ಹಿಂದಿರುಗಿಸಿ, ಇಲ್ಲವೇ ಎರಡನ್ನೂ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಎರಡರಲ್ಲೂ ಮಸುಕಾಗಿದ್ದರೆ ಗಾಜನ್ನೇ ಅನುಮಾನಿಸಬೇಕು.

ಈಗ ಹೆಚ್ಚಿನವರು ಕೊಳ್ಳುವುದು ಸೆಕೆಂಡ್‌ಹ್ಯಾಂಡ್. ಅದರಲ್ಲಿ ತಪ್ಪಿಲ್ಲ, ಆದರೆ ಕೈಯಲ್ಲಿ ಟಾರ್ಚ್ ಇರಲಿ. ಲೆನ್ಸಿನ ಹಿಂದಿನಿಂದ ಓರೆಯಾಗಿ ಬೆಳಕು ಬಿಟ್ಟು ಮುಂದಿನಿಂದ ನೋಡಿ. ಕ್ಯಾನನ್ ಇಎಫ್ ಲೆನ್ಸಿನ ಕಿಂಡಿ ಬಿಚ್ಚಿದಾಗ ಪೂರ್ತಿ ತೆರೆದೇ ಇರುತ್ತದೆ. ನಿಕಾನಿನ ಜಿ ಲೆನ್ಸಿನದ್ದು ಮುಚ್ಚಿರುತ್ತದೆ, ಹಿಂಬದಿಯ ಪುಟ್ಟ ಸನ್ನೆಯನ್ನು ಬೆರಳಲ್ಲಿ ಮೆಲ್ಲಗೆ ಒತ್ತಿ ತೆರೆಯಬೇಕು. ಒಂದೆರಡು ಧೂಳಿನ ಕಣಕ್ಕೆ ಹೆದರಬೇಡಿ, ಚಿತ್ರದಲ್ಲಿ ಕಾಣುವುದಿಲ್ಲ. ಜೇಡರ ಎಳೆಯಂತೆ ಕವಲೊಡೆದ ನೂಲು ಕಂಡರೆ ಅದು ಫಂಗಸ್. ಎಷ್ಟು ಅಗ್ಗಕ್ಕೆ ಕೊಟ್ಟರೂ ಬೇಡ. ಅದು ಗಾಜಿನ ಲೇಪನವನ್ನೇ ತಿನ್ನುತ್ತದೆ, ಅಂಟಿಸಿದ ಎರಡು ಗಾಜುಗಳ ನಡುವೆ ಸೇರಿಕೊಂಡರೆ ತೊಳೆಯಲೂ ಆಗದು. ಕಿಟ್ ಲೆನ್ಸ್ ಆದರೆ ನಿಮ್ಮ ಬಾಡಿಗೆ ಹಾಕಿ ಝೂಮಿನ ಎರಡೂ ತುದಿಯಲ್ಲಿ ಎಫ್/11 ಇಟ್ಟು ಒಂದೊಂದು ಚಿತ್ರ ತೆಗೆಯಿರಿ. ಒಳಗಿನ ರಿಬ್ಬನ್ ಕೇಬಲ್ ಸವೆದ ಕ್ಯಾನನ್ ಲೆನ್ಸ್ ಪೂರ್ತಿ ತೆರೆದ ಕಿಂಡಿಯಲ್ಲಿ ಚೆನ್ನಾಗಿಯೇ ನಡೆದು, ಕಿಂಡಿ ಕಿರಿದಾಗಿಸಿದ ತಕ್ಷಣ ‘ಎರರ್ 01’ ತೋರಿಸುತ್ತದೆ. ಸಂಪರ್ಕದ ಹಿತ್ತಾಳೆ ಬಣ್ಣದ ಚುಕ್ಕಿಗಳನ್ನು ಒಣಬಟ್ಟೆಯಲ್ಲಿ ಒರೆಸಿಯೂ ಅದು ಹೋಗದಿದ್ದರೆ ಬಿಟ್ಟುಬಿಡಿ. ಕ್ಯಾನನ್ 50 ಎಸ್‌ಟಿಎಂನ ಒಳಕೊಳವೆ ಹತ್ತಿರದ ಫೋಕಸ್‌ನಲ್ಲಿ ಮುಂದೆ ಚಾಚುತ್ತದೆ. ಆ ಸ್ಥಿತಿಯಲ್ಲೇ ಕ್ಯಾಮೆರಾ ಆಫ್ ಮಾಡಿ ಚೀಲಕ್ಕೆ ತುರುಕಿದ ಲೆನ್ಸ್‌ಗಳ ಫೋಕಸ್ ಮೋಟಾರು ಹಾಳಾಗಿರಬಹುದು, ಹತ್ತಿರದಿಂದ ದೂರಕ್ಕೆ ನಾಲ್ಕಾರು ಸಲ ಓಡಿಸಿ ಸದ್ದು ಕೇಳಿ.

ಕರಾವಳಿ, ಮಲೆನಾಡಿನವರಿಗೆ ಹೊಸ ಲೆನ್ಸಿನಲ್ಲೂ ಫಂಗಸ್ ಭಯ ಇದ್ದದ್ದೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯ ತೇವ ದಿನಗಟ್ಟಲೆ ಶೇಕಡಾ 80ರ ಮೇಲಿರುತ್ತದೆ. ಕ್ಯಾಮೆರಾ ಬ್ಯಾಗಿನ ಸ್ಪಂಜು ಆ ತೇವವನ್ನು ಹೀರಿ ಹಿಡಿದಿಡುತ್ತದೆ, ಮಳೆಗಾಲದಲ್ಲಿ ಲೆನ್ಸಿಗೆ ಅದಕ್ಕಿಂತ ಕೆಟ್ಟ ಜಾಗವಿಲ್ಲ. ದುಬಾರಿ ಡ್ರೈ ಕ್ಯಾಬಿನೆಟ್ ಇಲ್ಲದಿದ್ದರೂ ನಡೆಯುತ್ತದೆ. ರಬ್ಬರ್ ಅಂಚಿನ, ಗಾಳಿಯಾಡದ 10 ಲೀಟರಿನ ಪ್ಲಾಸ್ಟಿಕ್ ಡಬ್ಬ, ಅದರೊಳಗೆ ಬಟ್ಟೆಯ ಚೀಲದಲ್ಲಿ 200 ಗ್ರಾಂ ಕಿತ್ತಳೆ ಬಣ್ಣದ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಇಷ್ಟು ಸಾಕು. ಅಂಕಿ 40ರಿಂದ 50ರೊಳಗಿರಲಿ. 30ಕ್ಕಿಂತ ಕೆಳಗಿಳಿದರೆ ಜೆಲ್ ಸ್ವಲ್ಪ ತೆಗೆಯಿರಿ, ಅತಿ ಒಣಗಿದರೆ ರಬ್ಬರಿಗೆ, ಒಳಗಿನ ಜಿಡ್ಡಿಗೆ ಒಳ್ಳೆಯದಲ್ಲ. ಜೆಲ್ ಹಸಿರಿಗೆ ತಿರುಗಿದಾಗ ಸಣ್ಣ ಉರಿಯಲ್ಲಿ, ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಬಣ್ಣ ಮರಳುವವರೆಗೆ ಬಿಸಿ ಮಾಡಿ, ಮುಚ್ಚಿದ ಸ್ಟೀಲ್ ಡಬ್ಬಿಯಲ್ಲಿ ಆರಿಸಿ ಮತ್ತೆ ಹಾಕಬಹುದು. ನೀಲಿ ಬಣ್ಣದ ಜೆಲ್‌ನಲ್ಲಿ ಕೋಬಾಲ್ಟ್ ಇರುವುದರಿಂದ ಅದನ್ನು ಅಡುಗೆಮನೆಗೆ ತರದಿರುವುದೇ ಲೇಸು. ಅಕ್ಕಿ ಹಾಕುವ ಸಲಹೆಯನ್ನು ಕೇಳಬೇಡಿ, ಅದರ ಹುಡಿ ಝೂಮ್ ಉಂಗುರದೊಳಗೆ ಸೇರುತ್ತದೆ. ವಾರಕ್ಕೊಮ್ಮೆ ಲೆನ್ಸನ್ನು ಹೊರತೆಗೆದು ಬಳಸಿ. ಜಡಿಮಳೆಯ ದಿನ ಹೊರಗಿನಿಂದ ತಂದದ್ದನ್ನು ಮೊದಲು ಒರೆಸಿ, ಫ್ಯಾನಿನ ಕೆಳಗೆ ಒಂದು ಗಂಟೆ ಇಟ್ಟು, ಆಮೇಲೆ ಡಬ್ಬಕ್ಕೆ ಹಾಕಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ಶಿರಸಿ